ಪ್ಯಾಂಟಿನ ಬಣ್ಣ ಹಳ್ಳದ ಪಾಲು!

ಬಳ್ಳಾರಿ: ಬಿಸಿಲಿಗೂ ಗಣಿಗೂ ಹೆಸರಾದ ಈ ಊರು ಜೀನ್ಸ್ ಪ್ಯಾಂಟಿಗೂ ಹೆಸರುವಾಸಿ. ಹೊಲಿಗೆ ಮಿಷನ್ ಓಡಿದರೇ ಎಷ್ಟೋ ಮನೆಗಳ ಒಲೆ ಉರಿಯೋದು. ಆದರೆ ಗಿರಾಕಿ ಕೇಳೋದು ಹೊಸದಾದರೂ ಹಳೇದರಂತೆ ಕಾಣೋ ಮಾಸಲು ಪ್ಯಾಂಟು! ಅದಕ್ಕಾಗಿ ವಾಷಿಂಗ್ ಘಟಕಗಳಲ್ಲಿ ಕಲ್ಲು, ಬ್ಲೀಚು ಹಾಕಿ ತೊಳೀತಾರೆ. ಆ ನೀಲಿ ನೀರನ್ನು ಶುದ್ಧಿ ಮಾಡದೆ ಬಿಟ್ಟರೆ ಚರಂಡಿ, ಹಳ್ಳ, ಬಾವಿ ಎಲ್ಲಾ ಕೆಡುತ್ತೆ. ಘಟಕಕ್ಕೆ ಬೀಗ ಹಾಕಿದರೆ ಬಡವನ ಕೂಲಿ ಹೋಗುತ್ತೆ.

ಒಂದು ಜೀನ್ಸಿನ ಇಡೀ ಆಯುಷ್ಯಕ್ಕೆ 3,781 ಲೀಟರ್ ನೀರು ಬೇಕೆಂದು ಲೀವೈಸ್ ಕಂಪನಿಯೇ 2015ರಲ್ಲಿ ಲೆಕ್ಕ ಕೊಟ್ಟಿದೆ. ಹೆಚ್ಚಿನದು ಹತ್ತಿ ಬೆಳೆಗೆ. ಕಾಲುಭಾಗದ ಹತ್ತಿರ ಮನೆಯ ಒಗೆತಕ್ಕೆ.

ಹಾಗಾದರೆ ಉಪಾಯ? ಕಡುನೀಲಿ ಪ್ಯಾಂಟನ್ನೇ ಕೊಳ್ಳಿ. ಒಮ್ಮೆ ತೊಟ್ಟೊಡನೆ ಒಗೆಯಬೇಡಿ. ಹರಿದರೆ ಹೊಲಿಸಿ. ಮಾಸಲು ಬಣ್ಣ ತಾನಾಗೇ ಬರುತ್ತೆ, ಅದೂ ಪುಕ್ಕಟೆ!