ತಪಸ್ಸು ಕಾಲ: ಬಿಡುವುದು ಯಾವುದು, ಹಿಡಿಯುವುದು ಯಾವುದು?

ಕಾಶಿ-ಗಯಾ ಯಾತ್ರೆಗೆ ಹೋದವರು ತಮಗೆ ಪ್ರಿಯವಾದ ಒಂದು ತರಕಾರಿ, ಒಂದು ಹಣ್ಣನ್ನು ಅಲ್ಲಿಯೇ ಬಿಟ್ಟು ಬರಬೇಕೆಂಬ ಸಂಪ್ರದಾಯ ತುಳು-ಕನ್ನಡಿಗರಿಗೆ ಹೊಸತಲ್ಲ. ಹುಟ್ಟಿದಂದಿನಿಂದ ಹಾಗಲಕಾಯಿ ಮುಟ್ಟದವರು ಗಯೆಯಲ್ಲಿ ಭಕ್ತಿಯಿಂದ ಹಾಗಲಕಾಯಿಯನ್ನೇ ಬಿಟ್ಟು ಬಂದ ಕಥೆಯೂ ಹೊಸತಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಈ ಮಾತು ಬಂದರೆ ಎಲ್ಲರೂ ನಗುತ್ತಾರೆ. ಆದರೆ ಬಿಡುವುದನ್ನು ಆರಿಸುವ ಸ್ವಾತಂತ್ರ್ಯ ತನ್ನ ಕೈಗೇ ಸಿಕ್ಕಾಗ ಮನುಷ್ಯ ಯಾವುದನ್ನು ಆರಿಸುತ್ತಾನೆ ಎಂಬ ಪ್ರಶ್ನೆ ನಗುವಿನಷ್ಟು ಹಗುರವಲ್ಲ. ಪ್ರತೀ ವರ್ಷ ಫೆಬ್ರವರಿ-ಮಾರ್ಚ್ ಬಂತೆಂದರೆ ಡೊಂಬಿವಲಿ ಎಂಐಡಿಸಿ ಪರಿಸರದ ಕೆಥೊಲಿಕ್ ಕುಟುಂಬಗಳ ಮುಂದೆ ಬಂದು ನಿಲ್ಲುವುದು ಇದೇ ಪ್ರಶ್ನೆ.

ಒಂದು ಬದಿಯಲ್ಲಿ ರಾಸಾಯನಿಕ ಕಾರ್ಖಾನೆಗಳ ಸಾಲು, ಇನ್ನೊಂದು ಬದಿಯಲ್ಲಿ ಮಿಲಾಪ ನಗರ, ಸುದರ್ಶನ ನಗರ, ಸುದಾಮ ನಗರಗಳ ವಸತಿ ಪ್ರದೇಶ. ಹೋಟೆಲು, ಬ್ಯಾಂಕು, ಕಾರ್ಖಾನೆಯ ಉದ್ಯೋಗಗಳನ್ನು ಅರಸಿ ಕರಾವಳಿಯಿಂದ ಬಂದವರು ಇಲ್ಲಿ ನೆಲೆ ಕಂಡುಕೊಂಡು ದಶಕಗಳೇ ಸಂದಿವೆ. ಅವರಲ್ಲಿ ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಬಾಂಧವರೂ ಸೇರಿದ್ದಾರೆ. ಮನೆಮಾತು ಕೊಂಕಣಿಯಾದರೂ ಹಿರಿಯರ ಕೈಬರಹ ಕನ್ನಡ ಲಿಪಿಯದು. 1938ರಲ್ಲಿ ಮಂಗಳೂರಿನಲ್ಲಿ ಆರಂಭವಾದ 'ರಾಕ್ಣೊ' ಪತ್ರಿಕೆಯನ್ನು ಕನ್ನಡ ಅಕ್ಷರಗಳಲ್ಲೇ ಓದಿ ಬೆಳೆದ ಪೀಳಿಗೆ ಅದು. ಅವರ ಬಾಯಲ್ಲಿ ಈ ಕಾಲದ ಹೆಸರು 'ಕರೆಜ್ಮ್'. ಕನ್ನಡದ ಬಲಿಪೂಜೆಗಳಲ್ಲಿ ಅದು ತಪಸ್ಸು ಕಾಲ.

ಹಿಂದಿನ ವರ್ಷದ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗೆ ಹಚ್ಚುವ ಬೂದಿ ಬುಧವಾರದೊಂದಿಗೆ ತಪಸ್ಸು ಕಾಲ ಆರಂಭ. ಅಲ್ಲಿಂದ ಈಸ್ಟರ್ ಹಬ್ಬದ ಮುನ್ನಾ ದಿನ ಪವಿತ್ರ ಶನಿವಾರದವರೆಗೆ ಲೆಕ್ಕ ಹಾಕಿದರೆ 46 ದಿನ. ನಡುವಿನ 6 ಭಾನುವಾರಗಳನ್ನು ಕಳೆದರೆ 40. ಯೇಸುಸ್ವಾಮಿ ಮರುಭೂಮಿಯಲ್ಲಿ ಉಪವಾಸವಿದ್ದ ನಲ್ವತ್ತು ದಿನಗಳ ನೆನಪು ಅದು. ಈ ದಿನಗಳಲ್ಲಿ ಮದುವೆ, ರೋಸ್ ಮುಂತಾದ ಸಮಾರಂಭಗಳನ್ನು ಸಾಮಾನ್ಯವಾಗಿ ಇಟ್ಟುಕೊಳ್ಳುವುದಿಲ್ಲ. ಪೂಜೆಯಲ್ಲಿ ಅಲ್ಲೆಲೂಯ ಹಾಡುವುದಿಲ್ಲ. 2025ರಲ್ಲಿ ಮಾರ್ಚ್ 2ರಂದು ರಮ್ಜಾನ್ ಉಪವಾಸ ತೊಡಗಿದರೆ, ಮಾರ್ಚ್ 5ರಂದು ಬೂದಿ ಬುಧವಾರ ಬಂದಿತ್ತು. ಒಂದೇ ಬಿಲ್ಡಿಂಗಿನ ಎರಡು ಮನೆಗಳಲ್ಲಿ ಎರಡು ಬಗೆಯ ವ್ರತ ಜೊತೆಜೊತೆಯಾಗಿ ನಡೆದ ವರ್ಷ ಅದು.

ನಿಯಮದ ಮಟ್ಟಿಗೆ ಹೇಳುವುದಾದರೆ ಧರ್ಮಸಭೆ ಇಂದು ಕೇಳುವುದು ಬಹಳ ಕಡಿಮೆ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡು ದಿನ ಮಾತ್ರ ಕಡ್ಡಾಯ ಉಪವಾಸ. ಉಪವಾಸವೆಂದರೂ ಪೂರ್ತಿ ಹಸಿದಿರುವುದಲ್ಲ. ಒಂದು ಹೊಟ್ಟೆ ತುಂಬ ಊಟ, ಮತ್ತೆರಡು ಹೊತ್ತು ಅಲ್ಪಾಹಾರ. ಇದು 18 ವರ್ಷ ತುಂಬಿದವರಿಂದ ಹಿಡಿದು 59 ಮುಗಿಯುವವರೆಗಿನವರಿಗೆ. ಆ ಎರಡು ದಿನಗಳಲ್ಲೂ ತಪಸ್ಸು ಕಾಲದ ಶುಕ್ರವಾರಗಳಲ್ಲೂ ಮಾಂಸ ವರ್ಜ್ಯ. ಇದು 14 ತುಂಬಿದ ಎಲ್ಲರಿಗೂ. ಹಿಂದೆ ಹೀಗಿರಲಿಲ್ಲ. ನಿಯಮದ ಪಟ್ಟಿ ಉದ್ದವಾಗಿತ್ತು, ನಲ್ವತ್ತು ದಿನವೂ ಬಿಗಿಯಾಗಿತ್ತು. 1966ರ ಫೆಬ್ರವರಿಯಲ್ಲಿ ಆರನೇ ಪೌಲ್ ಪೋಪರು ಹೊರಡಿಸಿದ ಆದೇಶ ಆ ಪಟ್ಟಿಯನ್ನು ಮೊಟಕುಗೊಳಿಸಿ, ಉಳಿದುದನ್ನು ಪ್ರಾರ್ಥನೆ, ತ್ಯಾಗ, ದಾನಗಳ ರೂಪದಲ್ಲಿ ಭಕ್ತರ ವಿವೇಕಕ್ಕೆ ಬಿಟ್ಟಿತು. ಹೊರೆ ಇಳಿಯಿತು ಎಂದು ಹಲವರು ನಿಟ್ಟುಸಿರು ಬಿಟ್ಟಿರಬಹುದು. ನಿಜವಾಗಿ ನೋಡಿದರೆ ಅಂದಿನಿಂದಲೇ ಕಷ್ಟ ಶುರುವಾದದ್ದು. ಪಟ್ಟಿಯಿದ್ದರೆ ಪಾಲಿಸಿದರಾಯಿತು. ಪಟ್ಟಿಯಿಲ್ಲದಿದ್ದರೆ ಯೋಚಿಸಬೇಕಾಗುತ್ತದೆ.

ಪಕ್ಕದ ಮನೆಯ ಮಲಯಾಳಿಗಳ ವಿಷಯ ಬೇರೆ. 1988ರಲ್ಲಿ ಸ್ಥಾಪನೆಯಾದ ಕಲ್ಯಾಣ್ ಧರ್ಮಪ್ರಾಂತದ ಸಿರೋ-ಮಲಬಾರ್ ಭಕ್ತರಿಗೆ ತಪಸ್ಸು ತೊಡಗುವುದು ಬುಧವಾರವಲ್ಲ, ಅದರ ಹಿಂದಿನ ಸೋಮವಾರ. ಅವರದು ಐವತ್ತು ದಿನಗಳ ನೋಂಬು. ಸಂಪ್ರದಾಯಸ್ಥರ ಮನೆಯಲ್ಲಿ ಅಷ್ಟೂ ದಿನ ಮಾಂಸ, ಮೀನು, ಮೊಟ್ಟೆ ಇಲ್ಲ. ಅಯ್ಯಪ್ಪ ಮಾಲೆ ಹಾಕಿದವರ 41 ದಿನಗಳ ವ್ರತದಲ್ಲೂ ಉಡುಗೆಯಿಂದ ಊಟದವರೆಗೆ ಎಲ್ಲವೂ ನಿಗದಿಯೇ. ಆರಿಸುವ ತಲೆನೋವು ಈ ಇಬ್ಬರಿಗೂ ಇಲ್ಲ.

ಕರಾವಳಿಯವರ ಶುಕ್ರವಾರದ ಕಥೆಯನ್ನೇ ತೆಗೆದುಕೊಳ್ಳಿ. ಮಾಂಸ ಬೇಡ ಎನ್ನುತ್ತದೆ ನಿಯಮ. ಮೀನಿಗೆ ತಡೆಯಿಲ್ಲ. ಬೂತಾಯಿ, ಬಂಗುಡೆಯ ಸಾರಿನಲ್ಲೇ ಹುಟ್ಟಿ ಬೆಳೆದವರಿಗೆ ಶುಕ್ರವಾರ ಕೋಳಿ ಬಿಟ್ಟು ಅಂಜಲ್ ಫ್ರೈ, ಮಾಂಜಿಯ ಗಸಿ ಮಾಡಿಕೊಳ್ಳುವುದು ಯಾವ ತಪಸ್ಸು? ಮಾರುಕಟ್ಟೆಯಲ್ಲಿ ಅಂಜಲಿನ ಬೆಲೆ ಕೋಳಿಯ ಬೆಲೆಯನ್ನು ಎಂದೋ ಹಿಂದೆ ಹಾಕಿದೆ. ಅಕ್ಷರಕ್ಕೆ ಕುಂದಿಲ್ಲ, ನಾಲಗೆಗೂ ಕುಂದಿಲ್ಲ. ಹಾಗಲಕಾಯಿ ಬಿಟ್ಟು ಬಂದವರ ಸಾಲಿಗೆ ಇದನ್ನೂ ಸೇರಿಸಬಹುದು. ಈ ಸೂಕ್ಷ್ಮವನ್ನು ಬಲ್ಲ ಮನೆಗಳಲ್ಲಿ ಶುಕ್ರವಾರ ಮೀನೂ ಇಲ್ಲ. ಗಂಜಿ, ಚಟ್ನಿ, ಒಂದು ಉಪ್ಪಿನಕಾಯಿ ಅಷ್ಟೇ. ಇತರರೇನೂ ಕಡಿಮೆಯಿಲ್ಲ ಎನ್ನಿ. ಸಂಕಷ್ಟಿ, ಏಕಾದಶಿಗಳಂದು ಡೊಂಬಿವಲಿಯ ಹೋಟೆಲುಗಳಲ್ಲಿ ಸಾಬುದಾಣಾ ವಡೆ, ಖಿಚಡಿಗೆ ನೂಕುನುಗ್ಗಲು. 'ಏಕಾದಶಿ, ದುಪ್ಪಟ್ ಖಾಶಿ' ಎಂಬ ಮರಾಠಿ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾದರೆ ಜನ ಬಿಡುವುದೇನನ್ನು? ಹೆಚ್ಚಾಗಿ ಕೇಳಿಬರುವ ಹೆಸರು ಮದ್ಯ. ಅದರ ಹಿಂದೆ ಸಿಗರೇಟು, ತಂಬಾಕು, ಸಿಹಿತಿಂಡಿ, ಚಹಾ. ಈಚಿನ ವರ್ಷಗಳಲ್ಲಿ ಟಿವಿ ಧಾರಾವಾಹಿ, ಮೊಬೈಲು. ನಲ್ವತ್ತು ದಿನ ಬಾಟಲಿ ಮುಟ್ಟದ ಗಂಡಸು ಮನೆಗೆ ತರುವ ನೆಮ್ಮದಿ ಸಣ್ಣದಲ್ಲ. ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಭಾನುವಾರ ಲೆಕ್ಕಕ್ಕಿಲ್ಲವಲ್ಲ ಎಂದು ಶನಿವಾರ ರಾತ್ರಿ ಹನ್ನೆರಡಕ್ಕೆ ಕಾಯುವವರೂ ಇದ್ದಾರೆ. ಶ್ರಾವಣಕ್ಕೆ ಮುನ್ನ ಮಹಾರಾಷ್ಟ್ರದವರ ಗಟಾರಿ ಅಮಾವಾಸ್ಯೆ ಇರುವಂತೆ ಕರೆಜ್ಮಿಗೆ ಮುನ್ನ ಕೊಂಕಣಿಗರ 'ಇಂತ್ರೂಜ್' ಇದೆ. ಬಿಡುವ ಮುನ್ನ ಒಮ್ಮೆ ಹೊಟ್ಟೆ ತುಂಬಿಸಿಕೊಳ್ಳುವುದರಲ್ಲಿ ಎಲ್ಲ ಧರ್ಮಗಳವರೂ ಅಣ್ಣತಮ್ಮಂದಿರೇ ಸರಿ!

ಎಂಐಡಿಸಿಯಂಥ ಜಾಗದಲ್ಲಿ ಒಂದೇ ತ್ಯಾಗ ಎಲ್ಲರಿಗೂ ಒಂದೇ ತೂಕದ್ದಾಗಿರುವುದಿಲ್ಲ ಎಂಬುದೂ ಗಮನಾರ್ಹ. ಏಸಿ ಆಫೀಸಿನಲ್ಲಿ ಕುಳಿತವರು ಚಹಾ ಬಿಟ್ಟರೆ ತಲೆನೋವು ಎರಡು ದಿನದ್ದು. ನೈಟ್ ಶಿಫ್ಟಿನಲ್ಲಿ ಬಾಯ್ಲರ್ ಪಕ್ಕ ನಿಂತವರಿಗೆ ಬೆಳಗಿನ ಜಾವ ಮೂರು ಗಂಟೆಯ ಆ ಒಂದು ಕಟಿಂಗ್ ಚಹಾ ಕಣ್ಣು ತೆರೆದಿಡುವ ಮದ್ದು. ಯಂತ್ರದ ಮುಂದೆ ತೂಕಡಿಸುವ ತಪಸ್ಸನ್ನು ಯಾವ ಧರ್ಮಗುರುವೂ ಹೇಳಿಕೊಟ್ಟಿಲ್ಲ. ರೋಗಿಗಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೈಮುರಿದು ದುಡಿಯುವವರಿಗೆ ಉಪವಾಸದಿಂದ ವಿನಾಯಿತಿ ಕೊಡುವ ರೂಢಿ ಧರ್ಮಸಭೆಯಲ್ಲಿ ಹಿಂದಿನಿಂದಲೂ ಇದೆ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡುವುದು ಅಪಾಯ. ಸಕ್ಕರೆ ಅಂಶ ಒಮ್ಮೆಲೇ ಇಳಿದು ಲೋಕಲ್ ರೈಲಿನ ಬಾಗಿಲಲ್ಲಿ ತಲೆ ತಿರುಗಿದರೆ ಹಿಡಿಯುವವರಾರು? ಅಂಥವರು ಬಿಡಬಹುದಾದ ಬೇರೆ ಸಂಗತಿಗಳು ಬೇಕಾದಷ್ಟಿವೆ.

ಇನ್ನು ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ ವಿಷಯ: ವ್ರತ ಹಿಡಿಯುವವರು ಒಬ್ಬರು, ಅದರ ಭಾರ ಹೊರುವವರು ಇನ್ನೊಬ್ಬರು. ಚಾತುರ್ಮಾಸ್ಯ ಆಚರಿಸುವ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯವಿಲ್ಲ. ಶಾಕವ್ರತದಲ್ಲಿ ಹುಣಸೆಹುಳಿಯ ಬದಲು ಮಾವಿನಕಾಯಿಯ ಹುಳಿ, ಮೆಣಸಿನಕಾಯಿಯ ಬದಲು ಒಳ್ಳೆಮೆಣಸು. ಕಾರ್ತಿಕದಲ್ಲಿ ತೊಗರಿ, ಉದ್ದು, ಕಡಲೆ ಯಾವುದೂ ಸಲ್ಲದು ಎಂದರೆ ಸಾಂಬಾರಿಲ್ಲ, ಇಡ್ಲಿ-ದೋಸೆಯಿಲ್ಲ, ಕಡಲೆಹಿಟ್ಟಿನ ವಡಾ-ಪಾವ್ ಅಂತೂ ಇಲ್ಲವೇ ಇಲ್ಲ. ಮನೆಯ ಯಜಮಾನರ ವ್ರತ ಸಾಂಗವಾಗಿ ನಡೆಯಬೇಕಾದರೆ ಮನೆಯಾಕೆ ವ್ರತದವರಿಗೊಂದು, ಶಾಲೆಗೆ ಹೋಗುವ ಮಕ್ಕಳಿಗೊಂದು ಅಡಿಗೆ ಮಾಡಬೇಕು. ಪುಣ್ಯದ ಲೆಕ್ಕ ಯಾರ ಖಾತೆಗೆ ಬೀಳುತ್ತದೋ ದೇವರೇ ಬಲ್ಲ.

ತಪಸ್ಸು ಕಾಲದಲ್ಲೂ ನಡೆಯುವುದು ಇದೇ. ಮುಂಬಯಿಯ ಕೆಲಸ ಮುಗಿಸಿ, ಸಂಜೆಯ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ನಿಂತೇ ಡೊಂಬಿವಲಿ ತಲುಪಿ, ಸ್ಟೇಶನ್ನಿನ ಹೊರಗೆ ಶೇರಿಂಗ್ ರಿಕ್ಷಾದ ಸಾಲಿನಲ್ಲಿ ಕಾದು ಎಂಐಡಿಸಿ ಮನೆ ಸೇರುವಾಗ ಎಂಟು, ಎಂಟೂವರೆ. ಗಂಡ ಮಾಂಸ ಬಿಟ್ಟಿದ್ದಾನೆ, ಮಗಳು ಸಕ್ಕರೆ ಬಿಟ್ಟಿದ್ದಾಳೆ, ಮಗ ಹೊರಗಿನ ತಿಂಡಿ ಬಿಟ್ಟಿದ್ದಾನೆ. ಮೂವರಿಗೂ ತಟ್ಟೆಗೆ ಏನಾದರೂ ಬೀಳಲೇಬೇಕು. ಶುಕ್ರವಾರ ಸಂಜೆ ಇಗರ್ಜಿಯಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ. ಅದಕ್ಕೆ ಮನೆಯವರೆಲ್ಲ ಹೋಗಿ ಬಂದು ಕೈಕಾಲು ತೊಳೆದು ಕೂರುವಷ್ಟರಲ್ಲಿ ಬಿಸಿ ಚಪಾತಿ ಬರಬೇಕೆಂದರೆ ಅದನ್ನು ಲಟ್ಟಿಸುವವರು ಯಾರು? ಈಕೆ ಏನು ಬಿಟ್ಟಿದ್ದಾಳೆ ಎಂದು ಕೇಳುವವರು ಕಡಿಮೆ. ಮಲಗುವ ಒಂದು ತಾಸನ್ನು ಬಿಟ್ಟಿದ್ದಾಳೆ ಎನ್ನಬಹುದು, ಅದೂ ತಾನಾಗಿ ಆರಿಸಿಕೊಂಡದ್ದಲ್ಲ.

ಬಿಡುವುದಕ್ಕಿಂತ ಹಿಡಿಯುವುದು ಉತ್ತಮ ಎಂಬ ಮಾತು ಧರ್ಮಗುರುಗಳ ಪ್ರವಚನಗಳಲ್ಲಿ ಆಗಾಗ ಬರುವುದುಂಟು. ಹಿಡಿಯುವುದೆಂದರೆ ಹೆಚ್ಚಿನವರು ಒಂದು ಜಪಮಾಲೆ ಹೆಚ್ಚು, ದಿನಕ್ಕೊಂದು ಪೂಜೆ ಎಂದುಕೊಳ್ಳುತ್ತಾರೆ. ತಪ್ಪಲ್ಲ. ಆದರೆ ಆರು ಶುಕ್ರವಾರ ಗಂಜಿ ಬೇಯಿಸುವುದು, ಚಟ್ನಿ ಕಡೆಯುವುದು, ಪಾತ್ರೆ ತೊಳೆಯುವುದು ತನ್ನ ಕೆಲಸ ಎಂದು ಮನೆಯ ಗಂಡಸು ಹಿಡಿದುಕೊಂಡರೆ ಅದಕ್ಕೆ ಯಾವ ಹೆಚ್ಚುವರಿ ಖರ್ಚೂ ಇಲ್ಲ. ಗಂಜಿ ಬೇಯಿಸಲು ಹೋಟೆಲ್ ಅನುಭವವೂ ಬೇಡ. ಡೊಂಬಿವಲಿಯ ಎಷ್ಟೋ ಹಿರಿಯರು ಮುಂಬಯಿಗೆ ಬಂದ ಹೊಸತರಲ್ಲಿ ಹೋಟೆಲಿನ ಒಳಗೆ ಪಾತ್ರೆ ತೊಳೆದೇ ಬದುಕು ಕಟ್ಟಿಕೊಂಡವರು. ಮನೆಯ ಸಿಂಕಿನ ಮುಂದೆ ನಿಲ್ಲಲು ಮಾತ್ರ ಅವರಿಗೆ ಏಕೆ ಸಂಕೋಚವೋ ತಿಳಿಯದು.

ಉಳಿಸಿದ ಹಣದ ವಿಷಯವೂ ಇದೆ. ದಿನಕ್ಕೆ 10 ರೂಪಾಯಿಯ ಎರಡು ಕಟಿಂಗ್ ಚಹಾ ಬಿಟ್ಟವನ ಕಿಸೆಯಲ್ಲಿ 40 ದಿನಕ್ಕೆ ಉಳಿಯುವುದು 800 ರೂಪಾಯಿ. ಈಸ್ಟರ್ ಮರುದಿನ ಅದು ಬೇರೊಂದು ರೂಪದಲ್ಲಿ ತನ್ನ ಹೊಟ್ಟೆಗೇ ಹೋದರೆ ಅದು ಉಳಿತಾಯ, ದಾನವಲ್ಲ. ಹಸಿದವನೊಡನೆ ರೊಟ್ಟಿ ಹಂಚಿಕೊಳ್ಳುವುದೇ ದೇವರಿಗೆ ಮೆಚ್ಚಿನ ಉಪವಾಸ ಎಂಬ ಅರ್ಥದ ಮಾತು ಬೈಬಲಿನ ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿದೆ. 1962ರಲ್ಲಿ ಸ್ಥಾಪನೆಯಾದ ಕಾರಿತಾಸ್ ಇಂಡಿಯಾ ತಪಸ್ಸು ಕಾಲದಲ್ಲಿ ಹಸಿವು ಮತ್ತು ರೋಗಗಳ ವಿರುದ್ಧ ಅಭಿಯಾನ ನಡೆಸಿ ದೇಶದ ಚರ್ಚುಗಳಿಂದ ದೇಣಿಗೆ ಸಂಗ್ರಹಿಸುತ್ತ ಬಂದಿರುವುದು ಈ ಹಿನ್ನೆಲೆಯಲ್ಲೇ. ಕೊಡಲು ದೂರ ಹೋಗಬೇಕಾಗಿಯೂ ಇಲ್ಲ. 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಇದೇ ಎಂಐಡಿಸಿಯ ಕಾರ್ಖಾನೆಗಳಲ್ಲಿ ಸ್ಫೋಟ ಸಂಭವಿಸಿ ಹಲವರು ಪ್ರಾಣ ಕಳೆದುಕೊಂಡರು, ಸುತ್ತಲಿನ ಮನೆಗಳ ಕಿಟಕಿ ಗಾಜುಗಳು ಪುಡಿಯಾದವು. ಅಂಥ ದಿನಗಳಲ್ಲಿ ಮೊದಲು ಕೂಲಿ ತಪ್ಪುವುದು ಗುತ್ತಿಗೆಯ ಕಾರ್ಮಿಕರಿಗೆ. ಆ 800 ರೂಪಾಯಿಯಿಂದ ಅಂಥ ಒಂದು ಮನೆಯ ಕೆಲವು ದಿನಗಳ ಅಕ್ಕಿಯಾದರೂ ಬಂದೀತು.

ಮಕ್ಕಳ ವಿಷಯದಲ್ಲಿ ಹಿರಿಯರು ಕೊಂಚ ಸಡಿಲ ಬಿಡುವುದೇ ಲೇಸು. ಹದಿನಾಲ್ಕು ತುಂಬದ ಮಕ್ಕಳಿಗೆ ಧರ್ಮಸಭೆಯೇ ಕಡ್ಡಾಯ ಮಾಡಿಲ್ಲ. ಚಾಕಲೇಟು ಬಿಟ್ಟೆ ಎಂದು ಹೊರಟ ಮಗು ಮೂರನೇ ದಿನ ಮರೆತರೆ ಗದರುವುದರಲ್ಲಿ ಅರ್ಥವಿಲ್ಲ. ಬೂದಿ ಬುಧವಾರದಂದೇ ಓದುವ ಸುವಾರ್ತೆಯಲ್ಲಿ ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳಬೇಡಿ, ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಳ್ಳಿ ಎಂಬ ಉಪದೇಶವಿದೆ. ಇದನ್ನು ಮಕ್ಕಳಿಗಿಂತ ಹೆಚ್ಚಾಗಿ ಮರೆಯುವವರು ದೊಡ್ಡವರೇ. ಸಿಗರೇಟು ಬಿಟ್ಟ ಅಪ್ಪನ ಸಿಟ್ಟನ್ನು ನಲ್ವತ್ತು ದಿನ ಸಹಿಸಿಕೊಂಡ ಮನೆಯವರಿಗೇ ದೊಡ್ಡ ಪುಣ್ಯ ಎಂದು ಹೇಳಿ ನಗುವುದುಂಟು.

ತಪಸ್ಸು ಕಾಲದ ಕೊನೆಯ ವಾರ ಪವಿತ್ರ ಗುರುವಾರದಂದು ಇಗರ್ಜಿಗಳಲ್ಲಿ ಪಾದ ತೊಳೆಯುವ ವಿಧಿ ನಡೆಯುತ್ತದೆ. ಕಡೆಯ ಭೋಜನದ ರಾತ್ರಿ ಯೇಸುಸ್ವಾಮಿ ತನ್ನ ಶಿಷ್ಯರ ಪಾದ ತೊಳೆದುದರ ಸ್ಮರಣೆ ಅದು. ಧರ್ಮಗುರುಗಳು ಸೊಂಟಕ್ಕೆ ಬಟ್ಟೆ ಕಟ್ಟಿ, ನೆಲಕ್ಕೆ ಬಾಗಿ ಭಕ್ತರ ಪಾದ ತೊಳೆದು ಒರೆಸುತ್ತಾರೆ. ಬಹುಕಾಲ ಈ ಸಾಲಿನಲ್ಲಿ ಗಂಡಸರನ್ನಷ್ಟೇ ಕೂರಿಸಬೇಕೆಂಬ ನಿಯಮವಿತ್ತು. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಬದಲಿಸಿ ಸ್ತ್ರೀಯರಿಗೂ ಅವಕಾಶ ಮಾಡಿಕೊಟ್ಟರು. ಮರುದಿನ ಶುಭ ಶುಕ್ರವಾರ. ಮಧ್ಯಾಹ್ನ ಮೂರರ ಹೊತ್ತಿಗೆ ಆರಾಧನೆ, ಶಿಲುಬೆಯ ವಂದನೆ. ಅದು ಮುಗಿಸಿ ಎಂಐಡಿಸಿಯ ಮನೆಗಳಿಗೆ ಮರಳಿದವರಿಗೆ ಅಂದು ಗಂಜಿಯೇ ಊಟ, ಜೊತೆಗೆ ಒಂದಿಷ್ಟು ಚಟ್ನಿ.