ಮಗು ಕಾಣೆಯಾದ ಮನೆಗೆ ಮೈಕು ಬಂದಾಗ

ಎಣ್ಣೆಗೆಂಪು ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು, ಕಾಣೆಯಾದಾಗ ನೀಲಿ ಚಡ್ಡಿ, ಬಿಳಿ ಬನಿಯನ್ ತೊಟ್ಟಿದ್ದ, ಕನ್ನಡ ಮಾತನಾಡುತ್ತಾನೆ, ಸುಳಿವು ಸಿಕ್ಕವರು ಠಾಣೆಗೆ ತಿಳಿಸಿ. ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಇಂಥ ಪ್ರಕಟಣೆಯನ್ನು ನಾವೆಲ್ಲ ಓದಿ ಪುಟ ತಿರುವಿದವರೇ. ಅದರಲ್ಲಿ ಕಣ್ಣೀರಿಲ್ಲ. ತಾಯಿ ಯಾರ ಜತೆ ಫೋನಿನಲ್ಲಿ ಮಾತಾಡುತ್ತಿದ್ದಳು ಎಂಬ ಪ್ರಶ್ನೆಯಿಲ್ಲ. ಮಗುವನ್ನು ಗುರುತು ಹಿಡಿಯಲು ಬೇಕಾದಷ್ಟು ಮಾತ್ರ ಇರುತ್ತದೆ. ಮಗು ಕಾಣೆಯಾದ ಮನೆಗೆ ಸುದ್ದಿಮಾಧ್ಯಮ ಮಾಡಬಹುದಾದ ಉಪಕಾರದ ಬಹುಪಾಲು ಆ ನಾಲ್ಕು ಸಾಲಿನಲ್ಲೇ ಮುಗಿಯುತ್ತದೆ ಎಂದು ನನಗೆ ಅನ್ನಿಸುತ್ತದೆ. ಅದರಾಚೆ ಶುರುವಾಗುವುದು ಬೇರೆ ವ್ಯವಹಾರ. ಅದು ಹೇಗೆ ನಡೆಯುತ್ತದೆ, ಮನೆಯವರು ಅದನ್ನು ಎಲ್ಲಿ ತಡೆಯಬಹುದು ಎಂಬುದನ್ನು ಇಲ್ಲಿ ನೋಡೋಣ.

2024ರ ಜೂನ್‌ನಲ್ಲಿ ಗುಬ್ಬಿ ಪೊಲೀಸರ ಮುಂದೆ 11 ತಿಂಗಳ ಗಂಡುಮಗುವಿನ ಅಪಹರಣದ ಪ್ರಕರಣವಿತ್ತು. ಆ ಎಳೆ ಹಿಡಿದು ಹೊರಟ ತುಮಕೂರು ಜಿಲ್ಲಾ ಪೊಲೀಸರಿಗೆ ಸಿಕ್ಕಿದ್ದು ಮಕ್ಕಳ ಮಾರಾಟದ ಜಾಲ. ತಿಂಗಳು ಮುಗಿಯುವಷ್ಟರಲ್ಲಿ ಐದು ಮಕ್ಕಳನ್ನು ರಕ್ಷಿಸಲಾಗಿತ್ತು. ಬಂಧಿತರಲ್ಲಿ ಆಸ್ಪತ್ರೆ ಕೆಲಸದಲ್ಲಿದ್ದವರೂ ಇದ್ದರು, ತನಿಖೆಯ ದಾರಿ ಕುಣಿಗಲ್ ತಾಲ್ಲೂಕಿನವರೆಗೂ ಹೋಗಿತ್ತು. ಒಂದು ಮಗುವಿಗೆ ಎರಡು ಮೂರು ಲಕ್ಷ ರೂಪಾಯಿ ಕೈಬದಲಾಗುತ್ತಿತ್ತು ಎಂದು ಪೊಲೀಸರು ಹೇಳಿದರು. ರಾಜ್ಯದ ಎಲ್ಲ ಪತ್ರಿಕೆ, ವಾಹಿನಿಗಳಿಗೂ ಅದು ದೊಡ್ಡ ಸುದ್ದಿ, ಆಗಬೇಕಾದದ್ದೇ. ಮಕ್ಕಳನ್ನು ಮಾರುವುದಕ್ಕೆ ಬಾಲ ನ್ಯಾಯ ಕಾಯ್ದೆಯ 81ನೇ ಕಲಂ ಐದು ವರ್ಷದವರೆಗೆ ಸಜೆ ಇಟ್ಟಿದೆ. ಮಾರಿದವರು ಆಸ್ಪತ್ರೆ, ನರ್ಸಿಂಗ್ ಹೋಂ ಸಿಬ್ಬಂದಿಯಾದರೆ ಮೂರು ವರ್ಷಕ್ಕೆ ಕಡಿಮೆ ಇಲ್ಲದೆ ಏಳು ವರ್ಷದವರೆಗೆ. ಇಂಥದ್ದನ್ನು ಜನರಿಗೆ ತಿಳಿಸಲೇಬೇಕು.

ಆದರೆ ಇಂಥ ಒಂದೊಂದು ಪ್ರಕರಣದಲ್ಲೂ ಎಷ್ಟು ಮನೆ ಸೇರಿಕೊಂಡಿರುತ್ತವೆ ನೋಡಿ. ಮಗು ಕಳೆದುಕೊಂಡ ಮನೆ ಒಂದು. ಹೆತ್ತ ಮಗುವನ್ನು ಬಡತನಕ್ಕೋ ಮರ್ಯಾದೆಗೋ ಅಂಜಿ ಕೊಟ್ಟವಳ ಮನೆ ಇನ್ನೊಂದು. ಮಕ್ಕಳಿಲ್ಲವೆಂದು ದುಡ್ಡು ಕೊಟ್ಟು ತಂದು, ಹೆಸರಿಟ್ಟು, ತೊಟ್ಟಿಲು ತೂಗಿದವರ ಮನೆ ಮತ್ತೊಂದು. ಇವರಲ್ಲಿ ಯಾರ ಬೀದಿಯ ಹೆಸರು ಹೊರಬಿದ್ದರೂ ಗುರುತಾಗುವುದು ಮಗು. ದೊಡ್ಡವಳಾದ ಮೇಲೆ ತನ್ನ ಹೆಸರು ಹಾಕಿ ಹುಡುಕಿದ ಹುಡುಗಿಗೆ ತಾನು ಇಷ್ಟು ಲಕ್ಷಕ್ಕೆ ಹೋದವಳು ಎಂದು ಗೊತ್ತಾದರೆ? ಕಾನೂನು ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಕೇಳಿಕೊಂಡಿದೆ.

ತುಮಕೂರಿಗೆ ಇನ್ನೊಂದು ವಿಶೇಷ ತೊಂದರೆಯಿದೆ: ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. ಬೀದರ್ ಜಿಲ್ಲೆಯ ಹಳ್ಳಿಯೊಂದಕ್ಕೆ ರಾಜಧಾನಿಯ ವಾಹಿನಿಯ ವಾಹನ ತಲುಪಲು ಒಂದು ಹಗಲು ಬೇಕು. ತುಮಕೂರು ದಾಟಿ ಬಿ.ಎಚ್. ರಸ್ತೆ ಹಿಡಿದರೆ ಗುಬ್ಬಿ ಅಲ್ಲೇ ಇದೆ, ಕುಣಿಗಲ್ಲಂತೂ ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲೇ ಇದೆ. ಬೆಳಿಗ್ಗೆ ದೂರು ಕೊಟ್ಟರೆ ಮಧ್ಯಾಹ್ನದ ಬುಲೆಟಿನ್‌ಗೆ ಅಂಗಳದಲ್ಲಿ ಕ್ಯಾಮೆರಾ ನಿಂತಿರಬಹುದು.

ಸುದ್ದಿ ಹೊರಗೆ ಹೋಗುವ ದಾರಿಗಳನ್ನು ತಿಳಿದಿದ್ದರೆ ಅರ್ಧ ಕೆಲಸವಾದಂತೆ. ಠಾಣೆಯಿಂದ ಪತ್ರಕರ್ತರ ವಾಟ್ಸ್‌ಆ್ಯಪ್ ಗುಂಪಿಗೆ ದಿನದ ಅಪರಾಧ ವರದಿ ಹೋಗುತ್ತದೆ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ಎಫ್‌ಐಆರ್ 24 ಗಂಟೆಯೊಳಗೆ ಪೊಲೀಸ್ ಜಾಲತಾಣ ಸೇರುತ್ತದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ಇದರಿಂದ ವಿನಾಯಿತಿ ಇದೆ, ಅದನ್ನು ಕೇಳಿ ಪಡೆಯಬಹುದು. ಇವೆರಡಕ್ಕಿಂತ ವೇಗವಾದದ್ದು ನೆಂಟರ ಬಾಯಿ. ಪಟ್ಟಣದ ಸೋದರಳಿಯ ಒಳ್ಳೆಯ ಮನಸ್ಸಿನಿಂದಲೇ ಮಗುವಿನ ಚಿತ್ರ, ಅಪ್ಪನ ಮೊಬೈಲ್ ನಂಬರು, ಊರಿನ ಹೆಸರು ಎಲ್ಲ ಸೇರಿಸಿ ಹತ್ತು ಗುಂಪಿಗೆ ಕಳಿಸುತ್ತಾನೆ. ಅಲ್ಲಿಗೆ ಮುಗಿಯಿತು. ರಾತ್ರಿಯಿಡೀ ಆ ನಂಬರಿಗೆ ಬರುವ ಕರೆಗಳಲ್ಲಿ ವರದಿಗಾರರಿರುತ್ತಾರೆ, ಕುತೂಹಲಿಗಳಿರುತ್ತಾರೆ, ಮಗು ನಮ್ಮ ಹತ್ತಿರ ಇದೆ ದುಡ್ಡು ಹಾಕಿ ಎನ್ನುವ ಮೋಸಗಾರರೂ ಇರುತ್ತಾರೆ.

ಹಾಗಾಗಿ ಮೊದಲ ಹೆಜ್ಜೆ ಠಾಣೆ. 24 ಗಂಟೆ ಕಾಯಬೇಕು ಎಂಬ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. 2013ರ ಮೇ 10ರಂದು ಬಚಪನ್ ಬಚಾವೋ ಆಂದೋಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 18 ತುಂಬದ ಮಗು ಕಾಣೆಯಾಗಿದೆ ಎಂಬ ದೂರು ಬಂದರೆ ಅಪಹರಣ ಅಥವಾ ಸಾಗಾಟ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕು ಎಂದಿತು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಅಂಚೆಯಲ್ಲಿ ಎಸ್‌ಪಿ ಅವರಿಗೆ ಕಳಿಸಬಹುದು. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ಪ್ರಕರಣ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಇಲ್ಲಿ ಪತ್ರಕರ್ತರ ಪರವಾಗಿ ಒಂದು ಮಾತು ಹೇಳಲೇಬೇಕು: ದೂರು ಹಿಡಿದುಕೊಂಡು ಬೆಳಗಿನಿಂದ ಬೆಂಚಿನ ಮೇಲೆ ಕೂತ ಬಡವರಿಗಾಗಿ ಠಾಣೆಗೆ ಒಂದು ಫೋನ್ ಮಾಡಿ ಕೇಸು ಹಾಕಿಸುವವನು ಎಷ್ಟೋ ಸಲ ತಾಲ್ಲೂಕಿನ ವರದಿಗಾರನೇ. ಅವನ ಮುಖದ ಮೇಲೆ ಬಾಗಿಲು ಹಾಕಬೇಕಿಲ್ಲ.

ಚಿತ್ರ ಕೊಡುವಾಗ ಕೊಂಚ ಯೋಚಿಸಬೇಕು. ಇತ್ತೀಚಿನದು ಇರಲಿ, ಮಗು ಒಂದೇ ಇರುವಂತೆ ಕತ್ತರಿಸಿರಲಿ. ಮನೆಯ ಮುಂಬಾಗಿಲು, ಶಾಲೆಯ ಸಮವಸ್ತ್ರ, ಅಕ್ಕತಮ್ಮಂದಿರ ಮುಖ ಅದರಲ್ಲಿ ಬೇಡ. ಅದನ್ನು ಪೊಲೀಸರ ಕೈಗೇ ಕೊಟ್ಟು, ಅವರ ಪ್ರಕಟಣೆಯ ಮೂಲಕವೇ ಹೊರಗೆ ಹೋಗಲಿ ಎನ್ನಿ. ಸಂಪರ್ಕಕ್ಕೆ ಠಾಣೆಯ ನಂಬರು ಇರಲಿ, ನಿಮ್ಮದಲ್ಲ. ಮಗುವಿನ ಮೈಮೇಲಿನ ಒಂದು ಮಚ್ಚೆಯನ್ನೋ ಗಾಯದ ಗುರುತನ್ನೋ ತನಿಖಾಧಿಕಾರಿಗೆ ಮಾತ್ರ ಹೇಳಿ, ಹೊರಗೆ ಬಿಡಬೇಡಿ. ಸುಳ್ಳು ಕರೆ ಮಾಡಿದವನನ್ನು ಒಂದೇ ಪ್ರಶ್ನೆಯಲ್ಲಿ ಹಿಡಿಯಲು ಅದು ಬೇಕಾಗುತ್ತದೆ.

ಇನ್ನು ಅಂಗಳದ ಮಾತು. ಮೈಕು ಹಿಡಿದವರು ಸಾಮಾನ್ಯವಾಗಿ ಕೆಟ್ಟವರಲ್ಲ. ಡೆಸ್ಕಿನಿಂದ ಬೈಟ್ ಬಂತಾ ಎಂದು ಐದು ನಿಮಿಷಕ್ಕೊಮ್ಮೆ ಫೋನ್ ಬರುತ್ತಿರುತ್ತದೆ, ಪಕ್ಕದ ಲೋಗೋದವನಿಗೆ ಸಿಕ್ಕಿದ್ದು ತನಗೆ ಸಿಗದಿದ್ದರೆ ಬೈಗುಳ ಅವನಿಗೆ. ಅದಕ್ಕೇ ಅವನು "ಒಂದೇ ಒಂದು ಮಾತು ಹೇಳಮ್ಮಾ, ನಿಮ್ಮ ಮಗೂಗೇ ಒಳ್ಳೇದಾಗುತ್ತೆ" ಎನ್ನುತ್ತಾನೆ. ಎರಡು ದಿನದಿಂದ ಅನ್ನ ಮುಟ್ಟದ ಹೆಂಗಸಿಗೆ ಆ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಹೇಳಿದರೆ ಮಗು ಸಿಕ್ಕೀತೇನೋ, ಹೇಳದಿದ್ದರೆ ಪಾಪ ಸುತ್ತಿಕೊಂಡೀತೇನೋ. ಇದನ್ನು ಒಪ್ಪಿಗೆ ಎಂದು ಕರೆಯುವುದು ನ್ಯಾಯವೇ?

ಇದಕ್ಕೆ ಹಳ್ಳಿಯಲ್ಲಿ ನಡೆಯುವ ಉಪಾಯ ಒಂದೇ: ಮಾತಾಡುವವರು ಒಬ್ಬರೇ ಆಗಬೇಕು, ಅದು ತಾಯಿ ಆಗಿರಬಾರದು. ಸೋದರಮಾವ, ಮೇಷ್ಟ್ರು, ಪಂಚಾಯಿತಿ ಸದಸ್ಯರು, ಮನೆಯವರಿಗೆ ನಂಬಿಕೆಯಿರುವ ಯಾರಾದರೂ ಸರಿ. ಜಾಗ ಮನೆಯಲ್ಲ; ಅರಳಿಕಟ್ಟೆ, ಹಾಲಿನ ಡೇರಿ, ಪಂಚಾಯಿತಿ ಕಚೇರಿಯ ಮುಂಭಾಗ. ದಿನಕ್ಕೊಂದು ಹೊತ್ತು ಗೊತ್ತುಮಾಡಿ, ತನಿಖಾಧಿಕಾರಿಗೆ ತೋರಿಸಿದ ನಾಲ್ಕು ಸಾಲನ್ನು ಓದಿ ಎದ್ದರೆ ಸಾಕು. ಉಳಿದ ಹೊತ್ತಿನಲ್ಲಿ ಬಾಗಿಲಿಗೆ ಬಂದವರಿಗೆ "ಅಣ್ಣಾ, ನಿಮ್ಮ ನಂಬರು ಕೊಟ್ಟೋಗಿ, ಹೇಳೋದಿದ್ರೆ ನಾವೇ ಫೋನ್ ಮಾಡ್ತೀವಿ" ಎಂದರಾಯಿತು. ಮನೆಯೊಳಗೆ ಕ್ಯಾಮೆರಾ ಬರುವುದಕ್ಕೆ, ಗೋಡೆಯ ಮೇಲಿನ ಚಿತ್ರ ತೆಗೆದುಕೊಂಡು ಹೋಗುವುದಕ್ಕೆ ನಿಮ್ಮ ಒಪ್ಪಿಗೆ ಬೇಕು. ಬೇಡವೆಂದರೂ ನುಗ್ಗಿ ಬೆದರಿಸಿದರೆ, ಅವಮಾನಿಸಿದರೆ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನ ಅತಿಕ್ರಮ ಪ್ರವೇಶವಾಗಬಹುದು. 112ಕ್ಕೆ ಕರೆ ಮಾಡಬಹುದು.

ಮನೆಯ ಉಳಿದ ಮಕ್ಕಳ ಮುಂದೆ ಮೈಕು ಹೋಗಲೇಬಾರದು. "ತಮ್ಮನ್ನ ಯಾರು ಕರ್ಕೊಂಡೋದ್ರು ಪುಟ್ಟಾ?" ಎಂದು ಏಳು ವರ್ಷದ ಅಕ್ಕನನ್ನು ಕೇಳುವವರಿದ್ದಾರೆ. ಆ ಹುಡುಗಿ ಪ್ರಕರಣದ ಸಾಕ್ಷಿಯಾಗಬಹುದು. ಬಾಲಸಾಕ್ಷಿಯ ಗುರುತನ್ನೂ ಕಾನೂನು ಮುಚ್ಚಿಡುತ್ತದೆ. ಅಲ್ಲದೆ ಕ್ಯಾಮೆರಾ ಮುಂದೆ ಬಾಯಿಗೆ ಬಂದ ಒಂದು ಉತ್ತರ ಮುಂದೆ ನ್ಯಾಯಾಲಯದಲ್ಲಿ ಎದುರಾಳಿ ವಕೀಲರ ಕೈಗೆ ಕೋಲಾಗುತ್ತದೆ.

ಮಾತಾಡಿದ್ದೇ ಮುಳುವಾದದ್ದು ನಮ್ಮಲ್ಲಿ ಮಾತ್ರವಲ್ಲ. 2007ರ ಮೇ 3ರಂದು ಪೋರ್ಚುಗಲ್ಲಿನ ಪ್ರಾಯ ದ ಲೂಜ್ ಎಂಬ ಊರಿನಲ್ಲಿ ಮಗಳು ಕಾಣೆಯಾದಾಗ ಬ್ರಿಟನ್ನಿನ ಮಕ್ಯಾನ್ ದಂಪತಿ ತಾವಾಗಿಯೇ ಪತ್ರಿಕೆಗಳ ಮುಂದೆ ಬಂದರು. ಪ್ರಚಾರವಾದರೆ ಮಗಳು ಸಿಗುತ್ತಾಳೆಂದು. ಅದೇ ಪತ್ರಿಕೆಗಳು ತಿಂಗಳುಗಳಲ್ಲಿ ಹೆತ್ತವರ ಮೇಲೆಯೇ ತಿರುಗಿದವು. 2008ರಲ್ಲಿ ಎಕ್ಸ್‌ಪ್ರೆಸ್ ಪತ್ರಿಕಾ ಸಮೂಹ ಮುಖಪುಟದಲ್ಲಿ ಕ್ಷಮೆ ಕೇಳಿ 5,50,000 ಪೌಂಡ್ ಪರಿಹಾರ ಕೊಟ್ಟಿತು. ಅದೇ ವರ್ಷ ಇನ್ನೊಂದು ಪತ್ರಿಕೆ ತಾಯಿಯ ಖಾಸಗಿ ದಿನಚರಿಯನ್ನು ಅವಳನ್ನು ಕೇಳದೆಯೇ ಅಚ್ಚು ಹಾಕಿತು. ಇಬ್ಬರೂ ವೈದ್ಯರು, ವಕೀಲರನ್ನಿಡುವ ಶಕ್ತಿ ಇದ್ದವರು. ಗುಬ್ಬಿಯ ಕೂಲಿಕಾರರಿಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಅಷ್ಟಿಷ್ಟು ಕಾನೂನಿನಿಂದ ಬರಬಹುದು. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಈ ಪ್ರಕರಣಗಳ ಬೆನ್ನೆಲುಬು. ಅಪರಾಧಕ್ಕೆ ಬಲಿಯಾದ, ಸಾಕ್ಷಿಯಾದ, ಪಾಲನೆ ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಬಿಟ್ಟುಕೊಡುವ ಯಾವ ವಿವರವನ್ನೂ ಪತ್ರಿಕೆಯಾಗಲಿ ವಾಹಿನಿಯಾಗಲಿ ಹೊರಗೆಡಹುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಸಜೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಗುವಿನ ಹಿತಕ್ಕೆ ಬೇಕೆನಿಸಿದರೆ ಮಕ್ಕಳ ಕಲ್ಯಾಣ ಸಮಿತಿ ಅಥವಾ ಬಾಲ ನ್ಯಾಯ ಮಂಡಳಿ ಕಾರಣ ಬರೆದು ಅನುಮತಿ ಕೊಡಬಹುದು. ಗಮನಿಸಬೇಕಾದದ್ದು ಇದು: "ತಾಯಿಯೇ ಒಪ್ಪಿದ್ದಳು" ಎಂಬುದು ಅನುಮತಿಯಲ್ಲ. ಲೈಂಗಿಕ ದೌರ್ಜನ್ಯ ಸೇರಿಕೊಂಡಿದ್ದರೆ ಪೋಕ್ಸೊ ಕಾಯ್ದೆಯ 23ನೇ ಕಲಂ ಇನ್ನೂ ಬಿಗಿ, ಪತ್ರಿಕೆಯ ಮಾಲೀಕರೂ ಹೊಣೆಗಾರರು. ಮಗು ಬದುಕಿಲ್ಲದಿದ್ದರೂ ಈ ರಕ್ಷಣೆ ಹೋಗುವುದಿಲ್ಲ ಎಂದು ನಿಪುಣ್ ಸಕ್ಸೇನಾ ಪ್ರಕರಣದ 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಾಗಾದರೆ ಕಾಣೆಯಾದ ಮಗುವಿನ ಚಿತ್ರ ಪತ್ರಿಕೆಯಲ್ಲಿ ಬರುವುದೇ ತಪ್ಪೇ? ಅಲ್ಲ, ಹುಡುಕಾಟಕ್ಕೆಂದು ಪೊಲೀಸರೇ ಹೊರಡಿಸುವ ಪ್ರಕಟಣೆಗೆ ಚಿತ್ರ ಬೇಕೇ ಬೇಕು. ಎಡವುವುದು ಮಗು ಸಿಕ್ಕ ದಿನ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆ ಹೊತ್ತಿಗೆ ಚಿತ್ರದ ಕೆಲಸ ತೀರಿತು. ನಿನ್ನೆಯವರೆಗೆ ಮಗುವನ್ನು ಹುಡುಕುತ್ತಿದ್ದ ಅದೇ ಚಿತ್ರ ಇಂದಿನಿಂದ ಮಗುವಿಗೆ ಹಣೆಪಟ್ಟಿ. ಆದರೆ ವಾಹಿನಿಗಳಿಗೆ ನಿಜವಾದ ಹಬ್ಬ ಅಂದೇ: ತಾಯಿಮಗು ಕೂಡಿದ ದೃಶ್ಯ, ಎಸ್‌ಪಿ ಕಚೇರಿಯ ಗೋಷ್ಠಿ, ಸಾಲಾಗಿ ನಿಂತ ಪೊಲೀಸರ ನಡುವೆ ಅಳುವ ಕೂಸು. ಕೇಂದ್ರ ಗೃಹ ಇಲಾಖೆಯ 2010ರ ಸಲಹೆಯಲ್ಲೇ ಪೊಲೀಸರು ಮಾಧ್ಯಮದ ಮುಂದೆ ಹೇಗಿರಬೇಕೆಂಬ ಎಚ್ಚರಿಕೆಗಳಿದ್ದವು. 2023ರ ಸೆಪ್ಟೆಂಬರ್ 13ರಂದು ಸುಪ್ರೀಂ ಕೋರ್ಟ್ ಹೊಸ ಕೈಪಿಡಿ ಮಾಡಿ ಎಂದು ಅದೇ ಇಲಾಖೆಗೆ ಮೂರು ತಿಂಗಳ ಗಡುವು ಕೊಟ್ಟಿತು. ಮನೆಯವರು ಗೋಷ್ಠಿಗೆ ಮಗುವನ್ನು ಕರೆತರುವುದಿಲ್ಲ ಎಂದು ತನಿಖಾಧಿಕಾರಿಗೆ ಮೊದಲೇ ಹೇಳಬಹುದು. ಪೊಲೀಸರು ಮಗು ಹುಡುಕಿಕೊಟ್ಟ ಋಣಕ್ಕೆ ಕೂಸಿನ ಮುಖ ಕೊಡಬೇಕಿಲ್ಲ.

ತಪ್ಪು ಆಗಿಹೋದ ಮೇಲೆ ಏನು? ಮೊದಲು ಸಾಕ್ಷ್ಯ ಕೂಡಿಡಿ: ಪತ್ರಿಕೆಯ ತುಂಡು, ಪರದೆಯ ಚಿತ್ರ, ಪ್ರಸಾರದ ದಿನ ಮತ್ತು ಹೊತ್ತು. ಪತ್ರಿಕೆಯಾದರೆ ಸಂಪಾದಕರಿಗೆ ಬರೆದು, ಉತ್ತರ ಸರಿಹೋಗದಿದ್ದರೆ ಪ್ರಕಟವಾದ ಎರಡು ತಿಂಗಳೊಳಗೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬೇಕು. ಮಂಡಳಿ ಛೀಮಾರಿ ಹಾಕಬಲ್ಲದು, ದಂಡ ಹಾಕಲಾರದು. ವಾಹಿನಿಯಾದರೆ 2021ರ ನಿಯಮದಂತೆ ಅವರ ಕುಂದುಕೊರತೆ ಅಧಿಕಾರಿಗೆ. ಪ್ರಸಾರವಾದ ವಾರದೊಳಗೇ ಬರೆದರೆ ಒಳ್ಳೆಯದು. 24 ಗಂಟೆಯಲ್ಲಿ ತಲುಪಿತೆಂಬ ಉತ್ತರ, 15 ದಿನದಲ್ಲಿ ತೀರ್ಮಾನ ಬರಬೇಕು, ಆಮೇಲೆ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಅಂಥ ಒಂದು ಸಂಸ್ಥೆ ಹಾಕುವ ಒಂದು ಲಕ್ಷದ ದಂಡ ವಾಹಿನಿಗಳಿಗೆ ಯಾವ ಲೆಕ್ಕ ಎಂಬಂತೆ 2023ರಲ್ಲಿ ಸುಪ್ರೀಂ ಕೋರ್ಟೇ ಆಕ್ಷೇಪಿಸಿತು. ಯೂಟ್ಯೂಬ್ ಚಾನೆಲ್ಲಾದರೆ ಆ ವೇದಿಕೆಗೇ ದೂರು ಕೊಟ್ಟು ವಿಡಿಯೊ ತೆಗೆಸುವುದು ಬೇಗದ ದಾರಿ. 74ನೇ ಕಲಮಿನ ಉಲ್ಲಂಘನೆಯಲ್ಲಿ ಪೊಲೀಸರು ತಾವಾಗಿಯೇ ತನಿಖೆಗೆ ಇಳಿಯಲಾಗದು, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಆದ್ದರಿಂದ ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಜತೆಜತೆಗೇ ಬರೆಯಿರಿ. ಹೆಂಗಸರಿಗೆ, ಮಕ್ಕಳಿಗೆ ವರಮಾನ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಗುವಿಗೆ ಸಂಬಂಧಿಸಿದ ಬೇರೆ ಯಾವ ನೆರವಿಗೂ 1098 ಇದೆ.

ಇಷ್ಟೆಲ್ಲ ಮಾಡಿದರೂ ಉಳಿದುಬಿಡುವುದು ವಾಟ್ಸ್‌ಆ್ಯಪ್. ಮಗು ಮನೆಗೆ ಬಂದು ಶಾಲೆಗೆ ಹೋಗಲು ಶುರುಮಾಡಿದ ಮೇಲೂ "ಈ ಮಗು ಕಾಣೆಯಾಗಿದೆ, ದಯವಿಟ್ಟು ಶೇರ್ ಮಾಡಿ" ಎನ್ನುವ ಸಂದೇಶ ಊರೂರು ಅಲೆಯುತ್ತಿರುತ್ತದೆ. ಇಂಥ ಸಂದೇಶಗಳಿಗೆ ಮಕ್ಕಳ ಕಳ್ಳರ ವದಂತಿ ಸೇರಿದಾಗ ಏನಾಗುತ್ತದೆಂದು 2018ರಲ್ಲಿ ಕರ್ನಾಟಕ ಎರಡು ಸಲ ನೋಡಿದೆ: ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ. ಎರಡೂ ಕಡೆ ಜನ ಹೊಡೆದು ಕೊಂದದ್ದು ಯಾವ ಮಗುವನ್ನೂ ಕದಿಯದವರನ್ನು.

ಮೊದಲ ದಿನ ಚಿತ್ರ ಹಂಚಿದ ಸೋದರಳಿಯನಿಗೆ ಆದ್ದರಿಂದ ಇನ್ನೊಂದು ಕೆಲಸ ಬಾಕಿಯಿದೆ. ತಾನು ಕಳಿಸಿದ ಹತ್ತೂ ಗುಂಪಿಗೆ, ಈ ಸಲ ಚಿತ್ರವಿಲ್ಲದೆ, ಹೆಸರೂ ಇಲ್ಲದೆ, "ಮಗು ಸಿಕ್ಕಿದೆ, ಹಳೆಯ ಮೆಸೇಜು ಅಳಿಸಿ" ಎಂದು ಬರೆಯುವುದು. ಗುಂಪಿನ ಅಡ್ಮಿನ್‌ಗೆ ಫೋನ್ ಮಾಡಿ ಹೇಳಿದರೆ ಇನ್ನೂ ಬೇಗ ಆಗುತ್ತದೆ.