ಸಂಕಟಕ್ಕೆ ಅರ್ಥವಿದೆಯೇ? ಯೆಹೂದ್ಯ ಮತ್ತು ಕ್ರೈಸ್ತ ವಿಶ್ವಾಸದ ನೋಟ

ರೋಗಿಗಳ ಭೇಟಿಗೆ ಹೋಗುವ ನಮಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದೇ: "ನಾನೇನು ಪಾಪ ಮಾಡಿದ್ದೆ? ದೇವರು ನನಗೇಕೆ ಈ ಕಷ್ಟ ಕೊಟ್ಟರು?" ಸಮಾಧಾನ ಹೇಳುವ ಅವಸರದಲ್ಲಿ ನಾವು ಏನೋ ಹೇಳಿ ಹೊರಟುಬಿಡುತ್ತೇವೆ. ಆದರೆ ಪವಿತ್ರ ಬೈಬಲ್ ಇದಕ್ಕೆ ಸುಲಭದ ಉತ್ತರ ಕೊಡುವುದಿಲ್ಲ.

ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡದಲ್ಲಿ ವಿಧೇಯತೆಗೆ ಆಶೀರ್ವಾದ, ಅವಿಧೇಯತೆಗೆ ಶಿಕ್ಷೆ ಎಂಬ ಬೋಧನೆ ಇದೆ. ಇದನ್ನೇ ಪ್ರತಿಯೊಬ್ಬನ ಕಷ್ಟಕ್ಕೂ ಅನ್ವಯಿಸುವುದು ತಪ್ಪೆಂದು ಯೋಬನ ಗ್ರಂಥ ತೋರಿಸುತ್ತದೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಏಳು ದಿನ ಯೋಬನ ಬಳಿ ಮೌನವಾಗಿ ಕುಳಿತರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ಅವನ ಪಾಪವನ್ನು ಹುಡುಕತೊಡಗಿದಾಗ ಕೆಟ್ಟರು. ಕೊನೆಗೆ ದೇವರು ಖಂಡಿಸಿದ್ದು ಅವರನ್ನು, ಕೂಗಿ ಪ್ರಶ್ನಿಸಿದ ಯೋಬನನ್ನಲ್ಲ.

ಯೆಹೂದ್ಯರು ಇಂದಿಗೂ ಈ ಪಾಠವನ್ನು ಪಾಲಿಸುತ್ತಾರೆ. ಸಾವಿನ ಮನೆಯ ಏಳು ದಿನಗಳ ಶೋಕಾಚರಣೆಗೆ 'ಶಿವಾ' ಎಂದು ಹೆಸರು. ಶೋಕದಲ್ಲಿರುವವರು ಮಾತನಾಡುವ ತನಕ ಭೇಟಿಗೆ ಬಂದವರು ಮಾತನಾಡದಿರುವುದು ಪದ್ಧತಿ. ಸತ್ತವರಿಗಾಗಿ ಹೇಳುವ 'ಕಡ್ಡೀಶ್' ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ದೇವರ ಸ್ತುತಿ ಮಾತ್ರ ಇದೆ. ಜೆರುಸಲೇಮಿನ ದೇವಾಲಯದ ನಾಶವನ್ನು ಅವರು 'ಆವ್' ತಿಂಗಳ ಒಂಬತ್ತನೇ ದಿನ ಉಪವಾಸದಿಂದ ಸ್ಮರಿಸಿ, ಪ್ರಲಾಪಗಳ ಗ್ರಂಥವನ್ನು ಓದುತ್ತಾರೆ. ದೇವರ ಮುಂದೆ ಅಳುವುದು ಅವಿಶ್ವಾಸವಲ್ಲ, ಅದೂ ಪ್ರಾರ್ಥನೆಯೇ.

ಪ್ರಭು ಯೇಸು ಇದೇ ವಿಶ್ವಾಸದಲ್ಲಿ ಬೆಳೆದವರು. ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳಿದಾಗ, ಅವನದೂ ಅಲ್ಲ, ಅವನ ತಂದೆತಾಯಿಯದೂ ಅಲ್ಲ ಎಂದರು; ಬಳಿಕ ಅವನನ್ನು ಗುಣಪಡಿಸಿದರು. ಶಿಲುಬೆಯ ಮೇಲೆ ಅವರು ಕೂಗಿದ್ದು ಯೆಹೂದ್ಯರ ಕೀರ್ತನೆಯ ಮಾತನ್ನೇ.

ಯೆಶಾಯ 53ನೇ ಅಧ್ಯಾಯದ ನೊಂದ ಸೇವಕನಲ್ಲಿ ಯೆಹೂದ್ಯರು ಸಾಮಾನ್ಯವಾಗಿ ಇಸ್ರಯೇಲ್ ಜನಾಂಗವನ್ನು ಕಾಣುತ್ತಾರೆ, ನಾವು ಕ್ರಿಸ್ತರನ್ನು ಕಾಣುತ್ತೇವೆ. ದೇವರು ಸಂಕಟವನ್ನು ದೂರದಿಂದ ನೋಡಲಿಲ್ಲ, ಸ್ವತಃ ಅದರೊಳಗೆ ಬಂದರು ಎಂಬುದು ನಮ್ಮ ವಿಶ್ವಾಸದ ತಿರುಳು. ಸಂತ ದ್ವಿತೀಯ ಜಾನ್ ಪಾಲರು 1981ರಲ್ಲಿ ಗುಂಡೇಟು ತಿಂದು ಬದುಕುಳಿದವರು. ಸಂಕಟದ ಕುರಿತು ಅವರು 1984ರ ಫೆಬ್ರವರಿ 11ರಂದು ಪ್ರೇಷಿತ ಪತ್ರವನ್ನೇ ಹೊರಡಿಸಿದರು. ನಮ್ಮ ನೋವನ್ನು ಕ್ರಿಸ್ತರ ನೋವಿನೊಡನೆ ಒಂದುಗೂಡಿಸಬಹುದು ಎಂದು ಬೋಧಿಸುವ ಆ ಪತ್ರ, ಗಾಯಗೊಂಡವನ ಬಳಿ ನಿಂತ ಒಳ್ಳೆಯ ಸಮಾರಿಯದವನನ್ನೂ ನಮ್ಮ ಮುಂದಿಡುತ್ತದೆ. ನೋವು ತಾನಾಗಿಯೇ ಒಳ್ಳೆಯದಲ್ಲ. ಅದನ್ನು ನೀಗಿಸಲು ದುಡಿಯುವುದು ನಮ್ಮ ಕರ್ತವ್ಯ.

ಇಲ್ಲಿ ನಮ್ಮ ಆತ್ಮಶೋಧನೆಯೂ ಅಗತ್ಯ. ಕ್ರಿಸ್ತರ ಮರಣದ ಹೊಣೆಯನ್ನು ಇಡೀ ಯೆಹೂದ್ಯ ಜನಾಂಗದ ಮೇಲೆ ಹೊರಿಸಿ, ಶತಮಾನಗಳ ಕಾಲ ಅನೇಕ ಕ್ರೈಸ್ತರು ಅವರನ್ನು ಹಿಂಸಿಸಿದರು. ನಾಝಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದದ್ದು ಕ್ರೈಸ್ತ ಯೂರೋಪಿನಲ್ಲೇ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಆ ಆರೋಪವನ್ನು ಸ್ಪಷ್ಟವಾಗಿ ತಿರಸ್ಕರಿಸಿತು. ಶಿಲುಬೆಯನ್ನು ಆರಾಧಿಸುವ ನಾವು ಇತರರಿಗೆ ಶಿಲುಬೆ ಹೊರಿಸಬಾರದು.

ಆದ್ದರಿಂದ ಮುಂದಿನ ಬಾರಿ ರೋಗಿಯ ಮನೆಗೆ ಹೋದಾಗ ಮೊದಲು ಕುಳಿತು ಕೇಳೋಣ. ಅವರ ಪಾಪವನ್ನು ಹುಡುಕದಿರೋಣ. ಔಷಧಿ, ಊಟ, ಆಸ್ಪತ್ರೆಗೆ ವಾಹನ, ಏನು ಬೇಕೆಂದು ವಿಚಾರಿಸೋಣ. ಅವರು ಬಯಸಿದರೆ ರೋಗಿಗಳ ಅಭ್ಯಂಗ ಸಂಸ್ಕಾರಕ್ಕಾಗಿ ಧರ್ಮಗುರುಗಳನ್ನು ಕರೆಸೋಣ. ಉತ್ತರವಿಲ್ಲದ ಕಡೆ ಜೊತೆಗಿರುವುದೇ ನಮ್ಮ ಸಾಕ್ಷ್ಯವಾಗಲಿ.